ಎರಡು ಸಭೆಗಳ ನಡುವಿನ ಕೆಲಸ: ವೃತ್ತಿನಿರತ ಮಹಿಳೆಯರ ಬಳಗವನ್ನು ನಡೆಸುವ ಬಗೆ

ಹುಬ್ಬಳ್ಳಿ–ಧಾರವಾಡದಲ್ಲಿ ನಾವು 11 ಮಂದಿ ಮಹಿಳೆಯರು ಸೇರಿ ಆರಂಭಿಸಿದ ಬಳಗವು ಮೊದಲ ವರ್ಷ ಮುಗಿಯುವ ಮುನ್ನವೇ ನಿಂತುಹೋಗುವ ಹಂತಕ್ಕೆ ಬಂದಿತ್ತು. ಪ್ರತಿ ತಿಂಗಳು ಒಬ್ಬ ಅತಿಥಿಯನ್ನು ಕರೆಸುತ್ತಿದ್ದೆವು, ಭಾಷಣ ಕೇಳುತ್ತಿದ್ದೆವು, ಶಾಲು ಹೊದಿಸಿ ಫಲಪುಷ್ಪ ಕೊಟ್ಟು, ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಿದ್ದೆವು. ಬಂದವರಲ್ಲಿ ಯಾರಿಗೆ ಏನು ಬೇಕಾಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಹತ್ತನೆಯ ತಿಂಗಳು ಅತಿಥಿಗಳು ಸಿಗಲಿಲ್ಲ, ನಾಲ್ವರು ಮಾತ್ರ ಬಂದಿದ್ದೆವು. ಚಹಾ ಕುಡಿಯುತ್ತ ಮಾತನಾಡುವಾಗ ಒಬ್ಬರು ತಮ್ಮ ಹೊಲಿಗೆ ಘಟಕದ ಲೆಕ್ಕಪತ್ರ ನೋಡಿಕೊಳ್ಳುವವರು ಸಿಗುತ್ತಿಲ್ಲವೆಂದರು. ಅವರ ಪಕ್ಕದಲ್ಲೇ ಹತ್ತು ತಿಂಗಳಿಂದ ಕುಳಿತುಕೊಳ್ಳುತ್ತಿದ್ದವರು ಹೊಸದಾಗಿ ಕಚೇರಿ ತೆರೆದು ಗ್ರಾಹಕರಿಗಾಗಿ ಕಾಯುತ್ತಿದ್ದ ಚಾರ್ಟರ್ಡ್ ಅಕೌಂಟೆಂಟ್. ಬಳಗವನ್ನು ನಡೆಸುವುದೆಂದರೆ ಏನೆಂದು ನನಗೆ ತಿಳಿಯತೊಡಗಿದ್ದು ಆ ಸಂಜೆಯಿಂದ. ತಮ್ಮ ಊರಿನಲ್ಲಿ ಇಂಥದ್ದೊಂದು ಬಳಗವನ್ನು ಕಟ್ಟಬೇಕೆಂದಿರುವವರಿಗಾಗಿ ಮುಂದಿನ ಮಾತುಗಳನ್ನು ಬರೆದಿದ್ದೇನೆ.

ಯಾರನ್ನು ಕರೆಯಬೇಕು

ಮೊದಲ ಹತ್ತು ಹನ್ನೆರಡು ಮಂದಿಯ ಆಯ್ಕೆಯೇ ಬಳಗದ ಸ್ವಭಾವವನ್ನು ನಿರ್ಧರಿಸುತ್ತದೆ. ನಮಗೆ ಆಪ್ತರಾದವರನ್ನೇ ಕರೆಯುವುದು ಸುಲಭ, ಆದರೆ ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದು ಇದನ್ನೇ: ಪರಿಚಯಸ್ಥರ ಮೂಲಕ ಹೊಸ ಕೆಲಸದ ಸುಳಿವು ಸಿಕ್ಕವರಲ್ಲಿ ಹೆಚ್ಚಿನವರಿಗೆ ಆ ಸುಳಿವನ್ನು ಕೊಟ್ಟವರು ದಿನವೂ ಭೇಟಿಯಾಗುವ ಗೆಳೆಯರಲ್ಲ, ಆಗೊಮ್ಮೆ ಈಗೊಮ್ಮೆ ಕಾಣುವವರು. ಆದ್ದರಿಂದ ಒಂದೇ ಓಣಿಯ, ಒಂದೇ ಕಾಲೇಜಿನ, ಒಂದೇ ಜಾತಿಯ ಹೆಂಗಸರಿಂದ ಬಳಗವನ್ನು ತುಂಬಬಾರದು. ನಮ್ಮಲ್ಲಿ ಈಗ ದಂತವೈದ್ಯೆ, ವಕೀಲೆ, ಉಪನ್ಯಾಸಕಿ, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವರು, ಬ್ಯೂಟಿ ಪಾರ್ಲರ್ ನಡೆಸುವವರು, ಖಾನಾವಳಿಗಳಿಗೆ ಜೋಳದ ರೊಟ್ಟಿ ಪೂರೈಸುವವರು ಇದ್ದಾರೆ. ಮನೆಮಾತು ಕನ್ನಡ, ಮರಾಠಿ, ಉರ್ದು, ಕೊಂಕಣಿ ಆಗಿರುವವರೆಲ್ಲ ಇದ್ದಾರೆ.

ಇಷ್ಟು ಬಗೆಯ ಜನ ಕೂಡಿದಾಗ ಸಂಚಾಲಕಿಯು ಎಚ್ಚರದಿಂದ ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ. ವೈದ್ಯೆಯನ್ನು ‘ಡಾಕ್ಟರ್ ಮೇಡಂ’ ಎಂದೂ ರೊಟ್ಟಿ ಮಾಡುವವರನ್ನು ಬರೀ ಹೆಸರು ಹಿಡಿದೂ ಕರೆಯುವ ರೂಢಿ ನಮಗರಿವಿಲ್ಲದೆ ಬಾಯಿಗೆ ಬಂದುಬಿಡುತ್ತದೆ. ಹಾಗೆ ಕರೆಸಿಕೊಂಡವರು ಎರಡನೆಯ ಸಭೆಗೆ ಬರುವುದಿಲ್ಲ, ಏಕೆ ಬರಲಿಲ್ಲವೆಂದು ಹೇಳುವುದೂ ಇಲ್ಲ. ನಾವು ವಯಸ್ಸು, ಹುದ್ದೆ ನೋಡದೆ ಎಲ್ಲರನ್ನೂ ‘ಅಕ್ಕಾರ’ ಎಂದು ಕರೆಯುವ ನಿಯಮ ಮಾಡಿಕೊಂಡೆವು. ನಿಮ್ಮ ಸೀಮೆಯಲ್ಲಿ ಯಾವ ಮಾತು ಒಪ್ಪುತ್ತದೆಯೋ ಅದನ್ನು ಬಳಸಿ. ಆದರೆ ಎಲ್ಲರಿಗೂ ಅದೊಂದೇ ಇರಲಿ.

ದಿನ, ಹೊತ್ತು, ಜಾಗ

ಸಭೆಯ ದಿನವನ್ನು ಪ್ರತಿ ಸಲ ಕೇಳಿ ನಿಗದಿ ಮಾಡಬಾರದು, ವರ್ಷವಿಡೀ ಒಂದೇ ಇರಬೇಕು. ನಾವು ಎರಡನೆಯ ಶನಿವಾರವನ್ನು ಆರಿಸಿಕೊಂಡೆವು. 2015ರ ಸೆಪ್ಟೆಂಬರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕುಗಳಿಗೆ ರಜೆ ಇರುವುದರಿಂದ ಬ್ಯಾಂಕಿನಲ್ಲಿರುವವರು ಬರಬಲ್ಲರು. ಮಧ್ಯಾಹ್ನ ಮೂರೂವರೆಗೆ ಕುಳಿತು ಐದೂವರೆಗೆ ಏಳುತ್ತೇವೆ, ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರುತ್ತಾರೆ. ಜಾಗವು ಬಸ್ಸಿನಿಂದಿಳಿದು ನಡೆದು ಬರುವಷ್ಟು ಹತ್ತಿರವಿರಬೇಕು. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಸುಮಾರು 20 ಕಿಲೋಮೀಟರ್ ಇರುವುದರಿಂದ ನಾವು ನಡುವಿನ ನವನಗರದಲ್ಲಿ ಸೇರುತ್ತೇವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ಬೇಕಿಲ್ಲವಾದ್ದರಿಂದ ಕಲಘಟಗಿ, ಕುಂದಗೋಳದಿಂದಲೂ ಒಬ್ಬಿಬ್ಬರು ಬರತೊಡಗಿದ್ದಾರೆ. ದುಬಾರಿ ಹೋಟೆಲ್ ಬೇಡವೇ ಬೇಡ. ಅಲ್ಲಿ ತಾವೇನು ಉಡಬೇಕೆಂಬ ಚಿಂತೆಯಲ್ಲಿಯೇ ಕೆಲವರು ಹಿಂದೆ ಸರಿಯುತ್ತಾರೆ.

ಬೇಡಿಕೆಯ ಸುತ್ತು

ಸಭೆಯ ಜೀವ ಇರುವುದು ಇದರಲ್ಲಿ. ಮೊದಲ ಮುಕ್ಕಾಲು ಗಂಟೆಯಲ್ಲಿ ಪ್ರತಿಯೊಬ್ಬರೂ ಎರಡು ನಿಮಿಷ ಮೀರದಂತೆ ತಮಗೆ ಈ ತಿಂಗಳು ಬೇಕಾದ ಒಂದೇ ಒಂದು ಸಹಾಯವನ್ನು ಹೇಳಬೇಕು. ಕೇಳಿದಾಗ ಅನ್ನಿಸುವಷ್ಟು ಸುಲಭವಲ್ಲ ಇದು. ನಮ್ಮಲ್ಲಿ ಅನೇಕರಿಗೆ ಕೊಟ್ಟು ಗೊತ್ತು, ಬೇಡಿ ಗೊತ್ತಿಲ್ಲ. ‘ನನಗೇನೂ ಬೇಡ, ನಿಮ್ಮನ್ನೆಲ್ಲ ನೋಡಿ ಹೋಗಲು ಬಂದೆ’ ಎನ್ನುವವರೇ ಹೆಚ್ಚು, ಹಾಗೆಂದವರನ್ನು ಅಲ್ಲಿಗೇ ಬಿಡಬಾರದು. ‘ಹೋದ ತಿಂಗಳು ನಿಮ್ಮ ಕೆಲಸ ಎಲ್ಲಿ ತಡೆಯಿತು?’ ಎಂದು ಮೃದುವಾಗಿ ಕೇಳಿದರೆ ಬೇಡಿಕೆ ತಾನಾಗಿ ಹೊರಬರುತ್ತದೆ.

ಬಂದ ಬೇಡಿಕೆಯನ್ನು ತಿದ್ದಿ ಸ್ಪಷ್ಟಗೊಳಿಸುವುದು ಸಂಚಾಲಕಿಯ ಕೆಲಸ. ‘ನನ್ನ ವ್ಯಾಪಾರ ಬೆಳೆಯಬೇಕು’ ಎಂದರೆ ಯಾರೂ ಏನೂ ಮಾಡಲಾರರು. ‘ತಿಂಗಳಿಗೆ 200 ಜೊತೆ ಸಮವಸ್ತ್ರ ಹೊಲಿದು ಕೊಡಬಲ್ಲೆ, ಯಾವುದಾದರೂ ಶಾಲೆಯ ಆಡಳಿತ ಮಂಡಳಿಯವರನ್ನು ಭೇಟಿ ಮಾಡಿಸಿ’ ಎಂದರೆ ಕುಳಿತವರಲ್ಲಿ ಇಬ್ಬರಿಗಾದರೂ ಒಂದು ಹೆಸರು ನೆನಪಾಗುತ್ತದೆ. ಎಷ್ಟು, ಯಾವಾಗ, ಯಾರಿಂದ ಎಂಬ ಮೂರನ್ನು ಪ್ರತಿ ಬೇಡಿಕೆಯಿಂದಲೂ ಹೊರಡಿಸಬೇಕು.

ಇವೆಲ್ಲವನ್ನೂ ಬರೆದಿಡಲು ಒಂದು ದಪ್ಪ ನೋಟ್‌ಬುಕ್ ಸಾಕು. ದಿನಾಂಕ, ಕೇಳಿದವರು, ಏನು ಬೇಕು, ನೋಡುತ್ತೇನೆ ಎಂದವರು ಯಾರು, ಕೊನೆಗೆ ಏನಾಯಿತು ಎಂದು ಐದು ಕಲಂ ಗೆರೆ ಎಳೆಯಿರಿ. ರಾಜ್ಯ ಸರ್ಕಾರ 2000–01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯಡಿ ಹುಟ್ಟಿಕೊಂಡ ಹಳ್ಳಿಯ ಸಂಘಗಳು ನಡಾವಳಿ ಪುಸ್ತಕವನ್ನು ಎಷ್ಟು ಶ್ರದ್ಧೆಯಿಂದ ಬರೆದಿಡುತ್ತವೆಂಬುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಪದವಿಗಳನ್ನು ಪಡೆದ ನಾವು ಈ ಒಂದು ವಿಷಯದಲ್ಲಿ ಅವರಿಂದ ಕಲಿಯಬೇಕು. ಸಭೆಯಾದ ಹತ್ತು ದಿನಕ್ಕೆ ಸಂಚಾಲಕಿ ಆ ಪುಸ್ತಕ ತೆರೆದು ‘ನೋಡುತ್ತೇನೆ’ ಎಂದವರಿಗೆ ಒಂದೊಂದು ಫೋನ್ ಮಾಡಬೇಕು. ಸಭೆ ನಡೆಸುವುದಕ್ಕೆ ಎರಡು ಗಂಟೆ ಸಾಕು, ಆದರೆ ಈ ಫೋನುಗಳಿಗೆ ತಿಂಗಳಲ್ಲಿ ಐದಾರು ಗಂಟೆ ಹಿಡಿಯುತ್ತದೆ. ಅಷ್ಟು ಬಿಡುವಿಲ್ಲದವರು ಸಂಚಾಲಕಿಯಾಗಬಾರದೆಂದೇ ನನ್ನ ಖಚಿತ ಅಭಿಪ್ರಾಯ.

ಇಬ್ಬರನ್ನು ಪರಿಚಯಿಸುವಾಗಲೂ ಒಂದು ಕ್ರಮವಿದೆ. ಎದುರಿನವರನ್ನು ಕೇಳದೆ ಅವರ ಫೋನ್ ನಂಬರನ್ನು ಕೊಡಬಾರದು. ಮೊದಲು ಅವರಿಗೆ ವಿಷಯ ತಿಳಿಸಿ, ಒಪ್ಪಿದ ಮೇಲೆ ಇಬ್ಬರಿಗೂ ಒಂದೇ ಸಂದೇಶದಲ್ಲಿ ಯಾರು, ಏಕೆ ಎಂದು ಬರೆದು, ಅನಂತರ ನಡುವಿನಿಂದ ಸರಿದುಬಿಡಬೇಕು.

ಬಳಗಕ್ಕೆ ಗೊತ್ತಿರಬೇಕಾದ ಕಾನೂನು

ಎಲ್ಲ ಬೇಡಿಕೆಗಳೂ ಪರಿಚಯದಿಂದ ತೀರುವುದಿಲ್ಲ, ಕೆಲವಕ್ಕೆ ತಿಳಿವಳಿಕೆ ಬೇಕು. ನಮ್ಮ ಸದಸ್ಯೆಯೊಬ್ಬರಿಂದ ಪ್ಯಾಕಿಂಗ್ ಪೆಟ್ಟಿಗೆ ಕೊಂಡ ಸಂಸ್ಥೆಯೊಂದು ಎಂಟು ತಿಂಗಳು ಹಣ ಕೊಟ್ಟಿರಲಿಲ್ಲ. ಅವರು ತಮ್ಮದೇ ತಪ್ಪೆಂಬಂತೆ ತಲೆತಗ್ಗಿಸಿ ಹೇಳಿಕೊಂಡರು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕು ಅಥವಾ ಸೇವೆ ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಪಾವತಿಸಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ಸರಕು ಪೂರೈಸುವ ಮೊದಲೇ ‘ಉದ್ಯಮ್’ ಎಂಬ, ಇಂತಹ ಉದ್ಯಮಗಳಿಗಾಗಿಯೇ ಇರುವ ಕೇಂದ್ರ ಸರ್ಕಾರದ ನೋಂದಣಿ ಆಗಿದ್ದುದರಿಂದ ಅವರು ದೂರು ಸಲ್ಲಿಸಬಹುದಾಗಿತ್ತು. ನಮ್ಮ ವಕೀಲೆ ಈ ಕಲಮುಗಳನ್ನು ಉಲ್ಲೇಖಿಸಿ ಪತ್ರ ಬರೆದ ಮೇಲೆ ಅಸಲು ಹಣ ಬಂದಿತು. ಉದ್ಯಮ್ ನೋಂದಣಿಗೆ ಸರ್ಕಾರ ಶುಲ್ಕ ಪಡೆಯುವುದಿಲ್ಲವೆಂಬುದನ್ನು ಪ್ರತಿ ಹೊಸ ಸದಸ್ಯೆಗೂ ಹೇಳಿ, ಏಕೆಂದರೆ ಮಧ್ಯವರ್ತಿಗಳಿಗೆ ಹಣ ತೆತ್ತು ಬಂದವರನ್ನು ಕಂಡಿದ್ದೇನೆ. ಹೆಂಗಸರ ಸ್ವಂತ ಉದ್ಯೋಗಕ್ಕೆ ಸಹಾಯಧನದೊಂದಿಗೆ ಸಾಲ ಕೊಡಿಸುವ, ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯ ಅರ್ಹತೆಗಳನ್ನು ತಿಳಿದವರೊಬ್ಬರು ಬಳಗದಲ್ಲಿರಲಿ. 1983ರಿಂದ ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳಿಗೆ ತರಬೇತಿ ಮತ್ತು ಮಾರ್ಗದರ್ಶನ ನೀಡುತ್ತ ಬಂದಿರುವ ‘ಅವೇಕ್’ನಂತಹ ಹಿರಿಯ ಸಂಸ್ಥೆಗಳ ಪರಿಚಯವೂ ಇರಲಿ.

ಕಚೇರಿಯಲ್ಲಿ ಕಿರುಕುಳಕ್ಕೆ ಒಳಗಾದವರು ಬಾಯಿ ಬಿಡುವುದು ಇಂತಹ ಬಳಗದಲ್ಲಿಯೇ, ಅದೂ ಸಭೆ ಮುಗಿದು ಕುರ್ಚಿ ಎತ್ತಿಡುವ ಹೊತ್ತಿನಲ್ಲಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯವರು, ಅಥವಾ ಮಾಲೀಕನ ಮೇಲೆಯೇ ದೂರಿರುವವರು, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕಾದ್ದರಿಂದ ಸಮಾಧಾನ ಹೇಳುತ್ತ ದಿನ ಕಳೆಯುವುದು ಅವರಿಗೆ ಮಾಡುವ ಅನ್ಯಾಯ. ಸಂಚಾಲಕಿ ವಿಚಾರಣೆ ಮಾಡಬಾರದು, ತೀರ್ಪು ಕೊಡಬಾರದು. ಬರೆಯಲು ನೆರವಾಗಬೇಕು, ಅವರು ಬಯಸಿದರೆ ಜೊತೆಗೆ ಹೋಗಬೇಕು, ಕೇಳಿದ ಮಾತು ಗಂಡನ ಕಿವಿಗೂ ಬೀಳದಂತೆ ಕಾಯಬೇಕು.

ಹಣದ ವಿಷಯ

ಬಳಗಗಳು ಒಡೆಯುವುದು ಹೆಚ್ಚಾಗಿ ಇಲ್ಲಿಯೇ. ನಮ್ಮಲ್ಲಿ ಕೆಲವರು ಸೇರಿ ಚೀಟಿ ಹಾಕಿದರು, ಒಬ್ಬರು ಚೀಟಿ ಎತ್ತಿದ ಮೇಲೆ ಕಂತು ನಿಲ್ಲಿಸಿದರು, ಮೂವರು ಸದಸ್ಯೆಯರು ಮತ್ತೆ ಬರಲೇ ಇಲ್ಲ. 1982ರ ಚಿಟ್ ಫಂಡ್ ಕಾಯ್ದೆಯಡಿ ಅನುಮತಿ, ನೋಂದಣಿ ಇಲ್ಲದೆ ಚೀಟಿ ನಡೆಸುವುದು ಅಪರಾಧವೆಂಬುದು ಆಗ ನಮ್ಮಲ್ಲಿ ಹಲವರಿಗೆ ತಿಳಿದಿರಲಿಲ್ಲ. ಬಳಗದೊಳಗೆ ಚೀಟಿ ಇಲ್ಲ, ಸಾಲ ಇಲ್ಲ, ಸದಸ್ಯರನ್ನು ಸೇರಿಸಿದರೆ ಕಮಿಷನ್ ಕೊಡುವ ಸರಪಳಿ ಮಾರಾಟ ಇಲ್ಲ ಎಂಬುದನ್ನು ಮೊದಲ ದಿನವೇ ಬರೆದು ಓದಿ ಹೇಳಬೇಕು. ನಾನು ಅದನ್ನು ತಡವಾಗಿ ಮಾಡಿದೆ, ಆ ಮೂವರ ವಿಷಯದಲ್ಲಿ ನನಗೆ ಇಂದಿಗೂ ನೋವಿದೆ.

ಜಾಗದ ಬಾಡಿಗೆ ಮತ್ತು ಚಹಾಕ್ಕೆ ಸಾಕಾಗುವಷ್ಟು ವಂತಿಗೆ ಸಂಗ್ರಹಿಸಿ, ಪ್ರತಿ ಸಭೆಯಲ್ಲೂ ಲೆಕ್ಕ ಓದಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಏಳು ಮಂದಿ ಸೇರಿ ಸಂಘ ನೋಂದಾಯಿಸಬಹುದು. ಆದರೆ ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ ದಾಖಲೆ ಸಲ್ಲಿಸುವ ಹೊಣೆಯೂ ಅದರೊಂದಿಗೆ ಬರುತ್ತದೆ. ಎರಡು ವರ್ಷ ನಡೆದು ನೋಡಿ, ಆಮೇಲೆ ಯೋಚಿಸಿದರೆ ಸಾಕು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುಭೋದಯದ ಚಿತ್ರಗಳು ಬೇಡ, ಬೇಡಿಕೆ ಮತ್ತು ಉತ್ತರ ಮಾತ್ರ ಇರಲಿ.

ಬಾರದವರ ನೆನಪು

ಹೊಸಬರು ಬಂದ ದಿನ ಅವರ ಪಕ್ಕದಲ್ಲಿ ಯಾರು ಕುಳಿತುಕೊಳ್ಳಬೇಕೆಂದು ಮೊದಲೇ ನಿಶ್ಚಯಿಸಿರಬೇಕು, ಮರುದಿನ ಅವರಿಗೊಂದು ಫೋನ್ ಹೋಗಬೇಕು. ಅದಕ್ಕಿಂತ ಮುಖ್ಯವಾದದ್ದು ಬರುವುದನ್ನು ನಿಲ್ಲಿಸಿದವರ ವಿಷಯ. ಹೆರಿಗೆ, ಅತ್ತೆ-ಮಾವನ ಕಾಯಿಲೆ, ಮಕ್ಕಳ ಹತ್ತನೆಯ ತರಗತಿ, ಗಂಡನ ವರ್ಗಾವಣೆ ಎಂದು ಹೆಂಗಸರ ವೃತ್ತಿಜೀವನದಲ್ಲಿ ನಡುನಡುವೆ ಬಿರುಕು ಬೀಳುತ್ತದೆ. ಬಳಗದ ಅಗತ್ಯ ಅತ್ಯಂತ ಹೆಚ್ಚಿರುವುದು ಆಗಲೇ, ಅವರು ಕೈಬಿಟ್ಟುಹೋಗುವುದೂ ಆಗಲೇ. ಅಂಥವರ ವಂತಿಗೆ ಬಿಟ್ಟುಕೊಡಿ, ಹೆಸರು ಪುಸ್ತಕದಲ್ಲಿರಲಿ, ತಿಂಗಳಿಗೊಮ್ಮೆ ಸಭೆಯ ಬೇಡಿಕೆಗಳನ್ನು ಅವರಿಗೆ ಫೋನಿನಲ್ಲಿ ಓದಿ ಹೇಳಿ. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಮನೆಯಿಂದಲೇ ಇನ್ನೊಬ್ಬರ ಬೇಡಿಕೆ ತೀರಿಸಿದ ಬ್ಯಾಂಕ್ ಅಧಿಕಾರಿಯೊಬ್ಬರು ನಮ್ಮಲ್ಲಿದ್ದಾರೆ. ಒಂದೂವರೆ ವರ್ಷದ ನಂತರ ಅವರು ಮತ್ತೆ ಬಂದಾಗ ಯಾರೂ ಅವರನ್ನು ಹೊಸದಾಗಿ ಪರಿಚಯಿಸಬೇಕಾಗಲಿಲ್ಲ.

ಸಂಚಾಲಕಿಯ ಅವಧಿ ಎರಡು ವರ್ಷ ಮೀರಬಾರದು. ಮುಂದಿನವರನ್ನು ಆರು ತಿಂಗಳು ಮೊದಲೇ ಗುರುತಿಸಿ, ಮೂರನೆಯ ಒಂದು ಭಾಗದಷ್ಟು ಸಭೆಗಳನ್ನು ಅವರ ಕೈಯಿಂದಲೇ ನಡೆಸಿ, ತಪ್ಪಿದಲ್ಲಿ ಸಭೆಯ ಮುಂದೆ ತಿದ್ದದೆ ಆಮೇಲೆ ಹೇಳಿ. ಜವಾಬ್ದಾರಿ ವಹಿಸಿಕೊಡುವ ದಿನ ಶಾಲು, ಹಾರ ಇಲ್ಲದಿದ್ದರೂ ನಡೆಯುತ್ತದೆ. ಇಬ್ಬರೂ ಕುಳಿತು ಪುಸ್ತಕದ ಐದನೆಯ ಕಲಂ ಖಾಲಿ ಇರುವ ಬೇಡಿಕೆಗಳನ್ನು ಒಂದೊಂದಾಗಿ ಓದಬೇಕು, ಆ ವಾರದೊಳಗೆ ಅವನ್ನು ಕೇಳಿದ್ದವರೆಲ್ಲರಿಗೂ ಹೊಸ ಸಂಚಾಲಕಿಯೇ ಫೋನ್ ಮಾಡಬೇಕು.