ಬ್ರೆಡ್ ನಡುವೆ ಹಣ್ಣು ಇಡುವ ಮೊದಲು

ಸ್ಯಾಂಡ್‌ವಿಚ್‌ಗೆ ಸೌತೆಕಾಯಿ, ಟೊಮೆಟೊ, ಈರುಳ್ಳಿಯೇ ಆಗಬೇಕು ಅಂತೇನಿಲ್ಲ. ಮನೆಯಲ್ಲಿ ಇರುವ ಹಣ್ಣನ್ನೂ ಧೈರ್ಯವಾಗಿ ಇಡಿ. ಆದರೆ ರುಚಿಗಿಂತ ಮೊದಲು ನೀರಿನ ಯೋಚನೆ ಮಾಡಿ. ಹೆಚ್ಚಿದ ಹಣ್ಣು ರಸ ಬಿಡುತ್ತದೆ, ಬ್ರೆಡ್ ಅದನ್ನು ಕುಡಿದು ಮುದ್ದೆಯಾಗುತ್ತದೆ. ಅದಕ್ಕೇ ಎರಡೂ ಸ್ಲೈಸಿನ ಒಳಬದಿಗೆ ಅಂಚಿನವರೆಗೂ ಬೆಣ್ಣೆ ಸವರಿ. ಜಿಡ್ಡು ಇದ್ದ ಕಡೆ ನೀರು ಬೇಗ ಇಳಿಯುವುದಿಲ್ಲ. ಹೆಚ್ಚಿದ ಹಣ್ಣನ್ನು ಒಣ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಹರಡಿ. ಉಪ್ಪು, ಸಕ್ಕರೆ ಎರಡೂ ರಸ ಎಳೆಯುತ್ತವೆ, ಮುಚ್ಚುವ ಮುಂಚೆ ಉದುರಿಸಿದರೆ ಸಾಕು.

ಅನಾನಸ್ ವಿಷಯ ಸ್ವಲ್ಪ ಬೇರೆ. ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವ ಅದರಲ್ಲಿದೆ. ಹಸಿ ಅನಾನಸನ್ನು ಮೊಸರು, ಪನೀರಿನ ಜೊತೆ ಬೆರೆಸಿಟ್ಟರೆ ಕಹಿ ಬರುತ್ತದೆ. ಬಿಸಿ ತಾಗಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಹಾಗಾಗಿ ತೆಳ್ಳಗೆ ಹೆಚ್ಚಿ, ಕಾದ ಕಾವಲಿಯ ಮೇಲೆ ಎರಡೂ ಕಡೆ ಕಂದು ಬಣ್ಣ ಬರುವ ತನಕ ಚೆನ್ನಾಗಿ ಬಾಡಿಸಿ. ಚಿಟಿಕೆ ಬೆಲ್ಲದ ಪುಡಿ, ಕುಟ್ಟಿದ ಕರಿಮೆಣಸು ಹಾಕಿ. ನೀರೂ ಆರುತ್ತದೆ, ಸಿಹಿಯೂ ಏರುತ್ತದೆ. ಇದರ ಮೇಲೆ ಒಂದು ಸ್ಲೈಸ್ ಚೀಸ್ ಇಟ್ಟು ಟೋಸ್ಟ್ ಮಾಡಿ ನೋಡಿ, ಹಣ್ಣಿನ ಸ್ಯಾಂಡ್‌ವಿಚ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇದೇ.

ಬಾಳೆಹಣ್ಣಿಗೆ ಏಲಕ್ಕಿ ಬಾಳೆಯೇ ಒಳ್ಳೆಯದು. ಪಚ್ಚಬಾಳೆ ಬಹಳ ಮೆತ್ತಗೆ, ಒತ್ತಿದರೆ ಆಚೆ ಜಾರುತ್ತದೆ. ಹುರಿದ ಕಡಲೆಕಾಯಿ ಬೀಜವನ್ನು ಬೆಲ್ಲದ ಜೊತೆ ತರಿತರಿಯಾಗಿ ಪುಡಿ ಮಾಡಿ, ಬಾಳೆಹಣ್ಣಿನ ಬಿಲ್ಲೆಗಳ ಮೇಲೆ ಉದುರಿಸಿ. ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಸುಡಿ. ಉರಿ ಜಾಸ್ತಿಯಾದರೆ ಬ್ರೆಡ್ ಸೀಯುತ್ತದೆ, ಒಳಗೆ ತಣ್ಣಗೇ ಇರುತ್ತದೆ. ಶಾಲೆಯಿಂದ ಹಸಿದು ಬಂದ ಮಕ್ಕಳಿಗೆ ಇದೊಂದು ಇದ್ದರೆ ಬಿಸ್ಕತ್ತಿನ ಡಬ್ಬಿ ನೆನಪಾಗುವುದಿಲ್ಲ.

ಖಾರ ಇಷ್ಟಪಡುವವರಿಗೆ ಸೀಬೆಹಣ್ಣು. ಗಟ್ಟಿ ದೋರೆಗಾಯಿ ಆರಿಸಿ, ನಡುವಿನ ಬೀಜ ತೆಗೆದುಬಿಡಿ, ವಯಸ್ಸಾದವರ ಹಲ್ಲಿಗೆ ಅದು ತೊಂದರೆ. ಬೆಣ್ಣೆ ಸವರಿದ ಬ್ರೆಡ್ಡಿಗೆ ಚಟ್ನಿಪುಡಿ, ಮೇಲೆ ಸೀಬೆ, ಎರಡು ಹನಿ ನಿಂಬೆರಸ. ತೋತಾಪುರಿ ಮಾವಿನ ದೋರೆಗಾಯಿಗೂ ಇದೇ ಕ್ರಮ ಹೊಂದುತ್ತದೆ, ಉಪ್ಪು-ಖಾರ ಹಾಕಿ ಹಾಗೇ ತಿನ್ನುತ್ತೇವೆ ಅಲ್ವಾ? ಹಣ್ಣಾದ ಮಾವು ಬೇಕಾದರೆ ಬಾದಾಮಿ ತನ್ನಿ, ಹೋಳು ನಿಲ್ಲುತ್ತದೆ. ರಸಪುರಿಯನ್ನು ಸೀಕರಣೆಗೆ ಬಿಡಿ.

ಬೆಣ್ಣೆಹಣ್ಣನ್ನು ನಾವು ಹಾಲು, ಸಕ್ಕರೆ ಹಾಕಿ ಕುಡಿದೇ ಅಭ್ಯಾಸ. ಅದನ್ನು ಒರಟಾಗಿ ಹಿಸುಕಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು, ನಿಂಬೆರಸ ಬೆರೆಸಿದರೆ ಬೆಣ್ಣೆಯ ಅಗತ್ಯವೇ ಇಲ್ಲ. ನಿಂಬೆರಸ ಬಿಡಬೇಡಿ. ಬೆಣ್ಣೆಹಣ್ಣಾಗಲಿ ಸೇಬಾಗಲಿ ಗಾಳಿಗೆ ಬೇಗ ಕಪ್ಪಾಗುತ್ತವೆ, ಹುಳಿ ಅದನ್ನು ತಡೆಯುತ್ತದೆ.

ಜಪಾನಿನಲ್ಲಿ ಮೆತ್ತನೆ ಬ್ರೆಡ್ಡಿಗೆ ನೊರೆ ಬರಿಸಿದ ಕ್ರೀಮ್, ಹಣ್ಣು ತುಂಬಿ, ಬಿಗಿಯಾಗಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ಆಮೇಲೆ ಕತ್ತರಿಸುತ್ತಾರೆ. ನಮ್ಮಲ್ಲಿ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರಿಗೆ ಸಕ್ಕರೆ, ಏಲಕ್ಕಿ ಸೇರಿಸಿ ಹಾಗೇ ಮಾಡಬಹುದು. ಒಳಗೆ ದ್ರಾಕ್ಷಿ, ಸೇಬು ಇಡಿ. ಅರ್ಧ ಗಂಟೆ ತಣ್ಣಗಿಟ್ಟರೆ ಕತ್ತರಿಸುವಾಗ ಚೆಲ್ಲುವುದಿಲ್ಲ. 5 ವರ್ಷದೊಳಗಿನ ಮಕ್ಕಳಿಗೆ ದ್ರಾಕ್ಷಿಯನ್ನು ಇಡಿಯಾಗಿ ಕೊಡಲೇಬೇಡಿ, ಗಂಟಲಿಗೆ ಸಿಕ್ಕುತ್ತದೆ. ಉದ್ದಕ್ಕೆ ನಾಲ್ಕಾಗಿ ಸೀಳಿ.

ಮಧ್ಯಾಹ್ನದ ಡಬ್ಬಿಗಾದರೆ ಸೇಬು, ಸೀಬೆ ಸರಿ. ಕಲ್ಲಂಗಡಿ, ಕರಬೂಜ ಬ್ರೆಡ್ಡಿಗೆ ಬೇಡವೇ ಬೇಡ, ಪಕ್ಕದ ಪುಟ್ಟ ಡಬ್ಬಿಯಲ್ಲಿ ಹಾಕಿ ಫೋರ್ಕ್ ಇಟ್ಟುಕೊಡಿ.