ಗ್ರೀಸ್ ನಿಪ್ಪಲ್ ಸೋರಿದರೆ ಮೊದಲು ಶಾಫ್ಟ್ ನೋಡಿ

ಹಿಮದ ಮೇಲೆ ಓಡುವ ಗಾಡಿಯಾದ ಸ್ನೋಮೊಬೈಲಿನ ಹಿಂದಿನ ಸಸ್ಪೆನ್ಷನ್‌ಗೆ ಗ್ರೀಸ್ ಗನ್ನಿನಿಂದ ಗ್ರೀಸ್ ಹೊಡೆಯುವಾಗ ಗ್ರೀಸು ಒಳಗೆ ಹೋಗದೆ ನಿಪ್ಪಲಿನ (ಗ್ರೀಸು ತುಂಬುವ ಪುಟ್ಟ ಮೂತಿಯ) ಸುತ್ತಲೇ ಉಕ್ಕಿ ಬಂದರೆ, ಬಹಳ ಜನ ಹೊಸ ನಿಪ್ಪಲ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಕೆಲವು ಸಲ ಅಷ್ಟು ಸಾಕು. ಆದರೆ ನಾನು ಬಿಚ್ಚಿ ನೋಡಿದವುಗಳಲ್ಲಿ ಹೆಚ್ಚಿನವಕ್ಕೆ ನಿಪ್ಪಲಿನದು ತಪ್ಪೇ ಇರಲಿಲ್ಲ. ಒಳಗೆ ದಾರಿ ಕಟ್ಟಿಕೊಂಡಿತ್ತು. ಹೋಗಲು ಜಾಗವಿಲ್ಲದ ಗ್ರೀಸು ಬಂದ ದಾರಿಯಲ್ಲೇ ವಾಪಸ್ ಬರುತ್ತಿತ್ತು.

ನಾವಿರುವುದು ಅಮೆರಿಕದ ಮಿಶಿಗನ್ ರಾಜ್ಯದ ಉತ್ತರದ ಅಂಚಿನ ಹೋಟನ್‌ನಲ್ಲಿ. ಸುಪೀರಿಯರ್ ಸರೋವರದ ಮೇಲಿಂದ ಬರುವ ಗಾಳಿ ಈ ಕೀವಿನಾ ಸೀಮೆಯ ಮೇಲೆ ಹಿಮ ಸುರಿಯುತ್ತಲೇ ಇರುತ್ತದೆ. 1978–79ರ ಚಳಿಗಾಲದಲ್ಲಿ ಈ ಸೀಮೆಯ ಕೀವಿನಾ ಕೌಂಟಿಯಲ್ಲಿ ಒಟ್ಟು 390.4 ಇಂಚು, ಅಂದರೆ ಮೂವತ್ತೆರಡು ಅಡಿಗೂ ಮೇಲೆ ಹಿಮ ಬಿದ್ದ ದಾಖಲೆ ಇದೆ. ಚಳಿಗಾಲದಲ್ಲಿ ಊರಿನ, ಹಡಗುಗಳಿಗೆ ದಾರಿ ಬಿಡಲು ಮೇಲೇಳುವ ಲಿಫ್ಟ್ ಸೇತುವೆಯ ಕೆಳಗಿನ ಅಂತಸ್ತಿನಲ್ಲಿ ಸ್ನೋಮೊಬೈಲುಗಳೇ ಓಡಾಡುತ್ತವೆ. ಇಂಥ ಕಡೆ ಗಾಡಿಯ ಹಿಂಭಾಗ ತಿಂಗಳುಗಟ್ಟಲೆ ಹಸಿ ಹಿಮದೊಳಗೇ ಇರುತ್ತದೆ. ಗಾಡಿಯನ್ನು ಮುಂದೆ ತಳ್ಳುವ ರಬ್ಬರ್ ಪಟ್ಟಿ, ಅಂದರೆ ಟ್ರ್ಯಾಕ್, ಎಬ್ಬಿಸುವ ಹಿಮ ಸಂದುಸಂದಿಗೂ ಹೊಕ್ಕು, ಕರಗಿ ನೀರಾಗಿ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಸಸ್ಪೆನ್ಷನ್ನಿನ ಶಾಫ್ಟ್ (ಲೋಹದ ದಂಡ) ಹಾಳಾಗುವುದು ಹೀಗೆ.

ನನ್ನ ಗಾಡಿಯಲ್ಲಿ ಟ್ರ್ಯಾಕಿನೊಳಗಿನ ಎರಡು ರೈಲುಗಳನ್ನು (ಟ್ರ್ಯಾಕ್ ಜಾರುವ ಉದ್ದನೆಯ ಲೋಹದ ಪಟ್ಟಿಗಳನ್ನು) ಮೇಲೆ ಟ್ರ್ಯಾಕನ್ನು ಮುಚ್ಚಿರುವ ಲೋಹದ ಚೌಕಟ್ಟಾದ ಟನಲ್‌ಗೆ ಹಿಡಿದಿರುವುದು ಮುಂದಿನ ಮತ್ತು ಹಿಂದಿನ ತೋಳುಗಳು. ತೋಳಿನ ತುದಿಯಲ್ಲಿ ಅಡ್ಡಕ್ಕೆ ಒಂದು ಕೊಳವೆ, ಅದರೊಳಗೆ ಶಾಫ್ಟ್, ಕೊಳವೆಯ ಎರಡೂ ಬಾಯಿಗೆ ಪ್ಲಾಸ್ಟಿಕ್ ಬುಷ್, ಅಂದರೆ ಶಾಫ್ಟನ್ನು ಹಿಡಿದಿರುವ ಬಳೆ. ನಿಪ್ಪಲ್ ಕೊಳವೆಯ ನಡುವೆ ಕೂತಿರುತ್ತದೆ. ಅಲ್ಲಿಂದ ಹೊಕ್ಕ ಗ್ರೀಸು ಶಾಫ್ಟಿನ ಸುತ್ತ ತುಂಬಿಕೊಂಡು, ನೀರನ್ನೂ ಕೊಳೆಯನ್ನೂ ತಳ್ಳಿಕೊಂಡು ಎರಡೂ ಬುಷ್‌ಗಳ ಪಕ್ಕದಿಂದ ಹೊರಬರಬೇಕು. ಮೊದಲು ಕಂದು ಬಣ್ಣದ ನೀರುಗ್ರೀಸು, ಆಮೇಲೆ ಶುದ್ಧ ಗ್ರೀಸು. ಎರಡೂ ತುದಿಯಲ್ಲಿ ಶುದ್ಧ ಗ್ರೀಸು ಕಾಣುವ ತನಕ ಕೆಲಸ ಮುಗಿದಿಲ್ಲ.

ಸೋರಿಕೆ ಕಂಡ ತಕ್ಷಣ ನಾನು ನಿಪ್ಪಲನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಂದೆರಡು ಸಲ ಮಾತ್ರ ಪಂಪ್ ಮಾಡಿ, ಗ್ರೀಸು ಸರಿಯಾಗಿ ಎಲ್ಲಿಂದ ಬರುತ್ತಿದೆ ಎಂದು ಟಾರ್ಚ್ ಬಿಟ್ಟು ನೋಡುತ್ತೇನೆ. ಗನ್ನಿನ ಬಾಯಿಗೂ ನಿಪ್ಪಲಿಗೂ ನಡುವಿನಿಂದ ಬಂದರೆ ಅದೇ ಗನ್ನನ್ನು ಬೇರೆ ನಿಪ್ಪಲಿಗೆ ಹಾಕಿ ನೋಡಬೇಕು. ಅಲ್ಲೂ ಸೋರಿದರೆ ಗನ್ನಿನ ಬಾಯಿಯೊಳಗಿನ ಹಲ್ಲು ಸವೆದಿದೆ, ಆ ಬಾಯಿಯನ್ನು ಬದಲಿಸಿದರೆ ಆಯಿತು. ಥ್ರೆಡ್ಡಿನ ಬುಡದಿಂದ ಬಂದರೆ ನಿಪ್ಪಲ್ ಸಡಿಲವಾಗಿದೆ, ಇಲ್ಲವೇ ಅಳತೆ ತಪ್ಪಿದ ನಿಪ್ಪಲ್ ಹಾಕಿದ್ದಾರೆ. ಗನ್ ತೆಗೆದ ಮೇಲೂ ನಿಪ್ಪಲಿನ ಮೂತಿಯಿಂದ ಗ್ರೀಸು ಬರುತ್ತಲೇ ಇದ್ದರೆ ಒಳಗಿನ ಪುಟ್ಟ ಗುಂಡು ಮುಚ್ಚಿಕೊಳ್ಳುತ್ತಿಲ್ಲ. ಅಂಥದ್ದನ್ನು ತೆಗೆದು ಬಿಸಾಡಿ, ಯಾಕೆಂದರೆ ಅದೇ ತೂತಿನಿಂದ ನೀರು ಒಳಕ್ಕೆ ಇಳಿಯುತ್ತದೆ.

ಈ ಸಲ ತೊಂದರೆ ಕೊಟ್ಟದ್ದು ಮುಂದಿನ ತೋಳಿನ ಮೇಲಿನ ನಿಪ್ಪಲ್. ಬಿಚ್ಚಿ, ಕೈಯಲ್ಲಿ ಹಿಡಿದು ಗನ್ನಿಗೆ ಸಿಕ್ಕಿಸಿ ಹೊಡೆದೆ. ಗ್ರೀಸು ಶ್ಯಾವಿಗೆಯ ಹಾಗೆ ಸಲೀಸಾಗಿ ಬಂತು. ಅಲ್ಲಿಗೆ ನಿಪ್ಪಲ್ ಚೆನ್ನಾಗಿದೆ, ಕೊಳವೆ ಕಟ್ಟಿದೆ ಎಂದು ಖಾತ್ರಿಯಾಯಿತು. ಒಂದೇ ನಿಮಿಷದ ಈ ಪರೀಕ್ಷೆಯನ್ನು ಯಾರೂ ಬಿಡಬಾರದು.

ಬಿಚ್ಚುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ. ಗಾಡಿ ನೆಲದ ಮೇಲೆ ನಿಂತಿದ್ದಾಗ ಅದರ ಭಾರಕ್ಕೆ ಶಾಫ್ಟು ಬುಷ್ಷಿನ ಒಂದೇ ಬದಿಗೆ ಒತ್ತಿಕೊಂಡಿರುತ್ತದೆ, ಆ ಕಡೆ ಗ್ರೀಸು ನುಗ್ಗಲಾರದು. ಹಿಂದಿನ ಬಂಪರಿನಡಿ ಸ್ಟ್ಯಾಂಡ್ ಕೊಟ್ಟು ಟ್ರ್ಯಾಕ್ ನೇತಾಡುವ ಹಾಗೆ ಎತ್ತಿದೆ. ನನ್ನ ಹೆಂಡತಿ ರೈಲನ್ನು ಮೇಲೆ ಕೆಳಗೆ ಆಡಿಸುತ್ತಿದ್ದಂತೆ ನಾನು ನಿಧಾನವಾಗಿ ಪಂಪ್ ಮಾಡಿದೆ. ಗನ್ನನ್ನು ಹಿಂದಿನ ರಾತ್ರಿಯೇ ಮನೆಯೊಳಗೆ ಇಟ್ಟಿದ್ದೆ, ಚಳಿಗೆ ಬಿರುಸಾದ ಗ್ರೀಸು ಕಿರಿದಾದ ಸಂದಿನಲ್ಲಿ ಹರಿಯುವುದಿಲ್ಲ. ಹಿಂದಿನ ತೋಳು ಇಷ್ಟಕ್ಕೇ ಗ್ರೀಸು ತೆಗೆದುಕೊಂಡಿತು. ಮುಂದಿನದು ಜಗ್ಗಲಿಲ್ಲ.

ಇಲ್ಲಿ ಹಟಕ್ಕೆ ಬಿದ್ದು ಒತ್ತಬೇಡಿ. ಕೈಯ ಗ್ರೀಸ್ ಗನ್ ಕೂಡ ಸಾವಿರಾರು ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಹುಟ್ಟಿಸಬಲ್ಲದು. ಸೋರುವ ಜಾಗಕ್ಕೆ ಬೆರಳು ಒತ್ತಿ ಹಿಡಿದರೆ ಗ್ರೀಸು ಚರ್ಮ ತೂರಿ ಒಳಗೆ ಹೋದೀತು. ಹೊರಗೆ ಬರೀ ಚುಕ್ಕೆಯಷ್ಟು ಗಾಯ ಕಂಡರೂ ಒಳಗೆ ಬೆರಳನ್ನೇ ಕಳೆದುಕೊಳ್ಳುವಷ್ಟು ಅನಾಹುತವಾಗುತ್ತದೆ. ಹಾಗಾದರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಬುಷ್ಷಿಗೂ ಅಷ್ಟೇ, ಅತಿಯಾದ ಒತ್ತಡಕ್ಕೆ ಅದು ಜಾಗ ಬಿಟ್ಟು ಹೊರಗೆ ಬಂದುಬಿಡಬಹುದು. ಗ್ಯಾಸ್ ಟಾರ್ಚಿನಿಂದ ಕಾಯಿಸುವ ಯೋಚನೆಯೂ ಬೇಡ, ಪ್ಲಾಸ್ಟಿಕ್ ಬುಷ್ ಕರಗುತ್ತದೆ.

ಹಾಗಾಗಿ ಇಡೀ ಸಸ್ಪೆನ್ಷನ್ ಇಳಿಸಿದೆ. ಟ್ರ್ಯಾಕಿನ ಬಿಗಿ ಪೂರ್ತಿ ಸಡಿಲಿಸಿ, ಟನಲ್ಲಿಗೆ ಹಿಡಿದಿರುವ ಬೋಲ್ಟುಗಳನ್ನು ಬಿಚ್ಚಿ, ಗಾಡಿಯನ್ನು ರಟ್ಟಿನ ಮೇಲೆ ಮಗ್ಗುಲಾಗಿಸಿ ಹೊರಗೆಳೆದೆ. ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇದ್ದಾಗಲೇ ಈ ಕೆಲಸಕ್ಕೆ ಇಳಿಯುವುದು ಒಳ್ಳೆಯದು. ಶಾಫ್ಟನ್ನು ಮರದ ತುಂಡಿಟ್ಟು ಹೊಡೆದು ಹೊರಗೆ ತೆಗೆದಾಗ ಕಾರಣ ಕಣ್ಣಿಗೇ ಕಂಡಿತು. ನಿಪ್ಪಲಿನ ನೇರಕ್ಕೆ, ಬೆರಳಗಲದ ಪಟ್ಟಿಯಾಗಿ ತುಕ್ಕು ಉಬ್ಬಿತ್ತು. ಅದರ ಎರಡೂ ಮಗ್ಗುಲಲ್ಲಿ ಒಣಗಿ ಹೆಕ್ಕಳಿಕೆಗಟ್ಟಿದ ಹಳದಿ ಗ್ರೀಸು, ಉಗುರಿನಿಂದ ಕೆರೆದರೆ ಚೂರುಚೂರಾಗಿ ಉದುರುತ್ತಿತ್ತು. ಎಮರಿ ಪೇಪರಿನಲ್ಲಿ ಶಾಫ್ಟ್ ಉಜ್ಜಿ, ಕೊಳವೆಯೊಳಗೆ ಬ್ರಷ್ ಆಡಿಸಿ, ಬುಷ್‌ಗಳನ್ನು ಹೊಸದು ಹಾಕಿದೆ. ಶಾಫ್ಟಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಅದನ್ನೂ ಬದಲಿಸುತ್ತಿದ್ದೆ.

ನಿಪ್ಪಲ್ ಕೊಳ್ಳುವಾಗ ಅಳತೆಯ ಮೇಲೆ ತುಂಬ ಗಮನವಿರಲಿ. ಅಮೆರಿಕದಲ್ಲಿ ಬಳಕೆಯ 1/4-28 (ಕಾಲು ಇಂಚು ವ್ಯಾಸ, ಇಂಚಿಗೆ 28 ಸುತ್ತು) ಥ್ರೆಡ್ಡಿನ ನಿಪ್ಪಲೂ ಆರು ಎಂಎಂ ನಿಪ್ಪಲೂ ನೋಡಲು ಒಂದೇ ತರ. ಮೊದಲನೆಯದರ ವ್ಯಾಸ 6.35 ಎಂಎಂ, ಥ್ರೆಡ್ಡಿನ ಅಂತರ 0.9 ಎಂಎಂಗೆ ಹತ್ತಿರ. ಎರಡನೆಯದರದು 6 ಎಂಎಂ, ಅಂತರ 1 ಎಂಎಂ. ಚಿಕ್ಕದನ್ನು ದೊಡ್ಡ ತೂತಿಗೆ ಹಾಕಿದರೆ ಲೊಡಲೊಡ ಎನ್ನುತ್ತ ಸೋರುತ್ತದೆ, ದೊಡ್ಡದನ್ನು ಚಿಕ್ಕ ತೂತಿಗೆ ತುರುಕಿದರೆ ತೋಳಿನ ಥ್ರೆಡ್ಡೇ ಹಾಳು. ಹಳೆಯದನ್ನು ವರ್ನಿಯರ್‌ನಲ್ಲಿ ಅಳೆದೇ ತನ್ನಿ. ಮುಂದಿನ ತೋಳಿನಲ್ಲಿ ಗನ್ ನೆಟ್ಟಗೆ ಕೂರುವುದಿಲ್ಲವಾದ್ದರಿಂದ ಅಲ್ಲಿಗೆ ನಾನು 45 ಡಿಗ್ರಿ ಓರೆಯ ನಿಪ್ಪಲ್ ಹಾಕಿದೆ. ಹಾಗೆ ಮಾಡುವವರು ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಅದು ಯಾವುದಕ್ಕೂ ತಾಗದಂತೆ ನೋಡಿಕೊಳ್ಳಬೇಕು.

ಗ್ರೀಸು ಯಾವುದು ಎಂದು ಕೇಳಿದರೆ, ಗ್ರೀಸಿನ ದಪ್ಪ ಹೇಳುವ ಎನ್‌ಎಲ್‌ಜಿಐ ಅಳತೆಯಲ್ಲಿ 2ನೇ ದರ್ಜೆಯ, ನೀರಿಗೆ ಜಗ್ಗದ, ಚಳಿಗೆ ಗಟ್ಟಿಯಾಗದ ಯಾವುದಾದರೂ ಸರಿ. ಎರಡು ಜಾತಿ ಬೆರೆಸದಿದ್ದರೆ ಸಾಕು. ಲಿಥಿಯಂ ಗ್ರೀಸಿಗೆ ಪಾಲಿಯೂರಿಯಾ ಗ್ರೀಸು ಬೆರೆತರೆ ಎಷ್ಟೋ ಸಲ ಅದು ತೆಳ್ಳಗಾಗಿ ಹರಿದುಹೋಗುತ್ತದೆ. ಶಾಫ್ಟ್ ಪೂರ್ತಿ ತೊಳೆದಿದ್ದರಿಂದ ನಾನು ಇದೇ ಅವಕಾಶವೆಂದು ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸಿಗೆ ಬದಲಾದೆ. ನೀರು ತಡೆಯುವುದರಲ್ಲಿ ಅದು ಗಟ್ಟಿಗ. ಎಷ್ಟು ಮೈಲಿಗೊಮ್ಮೆ ಹೊಡೆಯಬೇಕು ಎಂಬುದಕ್ಕೆ ನಿಮ್ಮ ಗಾಡಿಯ ಕೈಪಿಡಿಯೇ ಪ್ರಮಾಣ. ಹಸಿ ಹಿಮದಲ್ಲಿ ಓಡಿಸಿದಾಗ ನಾನು ಅದಕ್ಕೂ ಮೊದಲೇ ಹೊಡೆಯುತ್ತೇನೆ. ಬೇಸಿಗೆಗೆ ಗಾಡಿ ಮುಚ್ಚಿಡುವ ಮುನ್ನವಂತೂ ತಪ್ಪಿಸುವುದಿಲ್ಲ. ನೀರು ಆರೇಳು ತಿಂಗಳು ಒಳಗೇ ಕೂತರೆ ಮತ್ತೆ ಅದೇ ತುಕ್ಕಿನ ಪಟ್ಟಿ ಏಳುತ್ತದೆ.

ಮುಂದಿನ ತೋಳು ಈಗ ಎರಡೂ ಕಡೆ ಸಮನಾಗಿ ಗ್ರೀಸು ಕೊಡುತ್ತಿದೆ. ಹಿಂದಿನ ತೋಳಿನ ಕೆಳಗಿನ ಶಾಫ್ಟಿನಲ್ಲಿ ಮಾತ್ರ ಎಡಗಡೆ ಬರುವಷ್ಟು ಬಲಗಡೆ ಬರುತ್ತಿಲ್ಲ. ಅಲ್ಲೂ ತುಕ್ಕು ಶುರುವಾಗಿರಬೇಕು. ಹಿಮ ಕರಗಿದ ಮೇಲೆ ಅದನ್ನು ಬಿಚ್ಚುತ್ತೇನೆ, ಬುಷ್‌ಗಳನ್ನು ಈಗಲೇ ತರಿಸಿ ಇಟ್ಟಿದ್ದೇನೆ.