ಮೂರು ತಿಂಗಳಿಗೊಂದು ರೀಡಿಂಗ್‌ನಲ್ಲೇ ಸಿಎಂಎಲ್ ಮಾಡೆಲ್: ನನ್ನ ಅನುಭವ

ಸಿಎಂಎಲ್ ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಮಾತ್ರೆ ಶುರುವಾದ ಮೇಲೆ ಅದು ಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಇಷ್ಟು ಕಮ್ಮಿ ಡೇಟಾಗೆ ಈ ಎರಡು ಇಳಿಜಾರಿನ ಮಾಡೆಲ್ ಕೂರಲ್ಲ ಅಂತ ಎಲ್ಲರೂ ಹೇಳಿದ್ದರು. ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೈಯಲ್ಲಿದ್ದದ್ದು ಇಮಾಟಿನಿಬ್ (ಈ ರೋಗದ ಮಾತ್ರೆ) ತಗೊಳ್ಳುವವರ ಬಿಸಿಆರ್-ಎಬಿಎಲ್ (ಕ್ಯಾನ್ಸರ್ ಕೋಶಗಳಲ್ಲಿರುವ ಜೀನ್, ಅದರ ಪ್ರಮಾಣವೇ ರೋಗದ ಅಳತೆ) ರಿಪೋರ್ಟುಗಳು, ಹೆಸರು ತೆಗೆದವು. 2005ರಲ್ಲಿ ಫ್ರಾನ್ಸಿಸ್ಕಾ ಮಿಖೋರ್ ತಂಡ ಕೊಟ್ಟ ಲೆಕ್ಕ ಇದು: ಮೊದಲು ದಿನಕ್ಕೆ ಸುಮಾರು 5%, ಆಮೇಲೆ 0.8% ಇಳಿತ. 5%ರಂತೆ ಇಳಿದರೆ ಮೂರು ತಿಂಗಳಿಗೆ ಉಳಿಯುವುದು ನೂರರಲ್ಲಿ ಒಂದು ಪಾಲು. ನಮ್ಮವರ ಎರಡನೇ ಟೆಸ್ಟ್ ಆಗುವುದೇ ಆಗ! ಮೊದಲ ಇಳಿಜಾರು ಕಣ್ಣಿಗೆ ಬೀಳುವ ಮುಂಚೆಯೇ ಮುಗಿದಿರುತ್ತದೆ. ಮಾತ್ರೆ ಜೆನೆರಿಕ್ ಸಿಗುತ್ತದೆ, ಆದರೆ ಈ ಜೀನ್ ಅಳೆಯುವ ಒಂದೊಂದು ಪಿಸಿಆರ್‌ಗೂ ಐದಾರು ಸಾವಿರ. ಎಷ್ಟೋ ಜನ ವರ್ಷಕ್ಕೊಮ್ಮೆ ಮಾಡಿಸಿದರೇ ಹೆಚ್ಚು.

ಒಬ್ಬೊಬ್ಬರಿಗೇ ಬೇರೆ ಬೇರೆ ಫಿಟ್ ಮಾಡಿದಾಗ ಬಂದದ್ದು ಬರೀ ಕಸ. ಶುರುವಿನ ಅಂದಾಜು ಬದಲಿಸಿದರೆ ಅದೇ ರೋಗಿಗೆ ದಿನಕ್ಕೆ 2% ಬರುತ್ತಿತ್ತು, ಮತ್ತೊಮ್ಮೆ 12%. ಲೈಸೆನ್ಸ್ ಸಾಫ್ಟ್‌ವೇರ್‌ಗೆ ಮುಕ್ಕಾಲು ಲಕ್ಷದಷ್ಟು ಸುರಿದೆ, ಅದೂ ಇದೇ ಕಥೆ. ಕೊನೆಗೆ ಕೆಲಸ ಮಾಡಿದ್ದು ಪುಕ್ಕಟೆ ಸಿಗುವ ಅಂಕಿಅಂಶದ ಸಾಫ್ಟ್‌ವೇರ್ ಸ್ಟ್ಯಾನ್, ಹಳೇ ಲ್ಯಾಪ್‌ಟಾಪ್ ಮೇಲೆ. ಮೊದಲ ಇಳಿಜಾರನ್ನು ಇಡೀ ಗುಂಪಿನಿಂದ ಕಡ ತಂದೆ, ಎರಡನೆಯದನ್ನು ಮಾತ್ರ ರೋಗಿಗೆ ತಕ್ಕಂತೆ ಬದಲಾಗಲು ಬಿಟ್ಟೆ.

ಜಾಸ್ತಿ ಕಾಡಿದ್ದು "ಪತ್ತೆಯಾಗಿಲ್ಲ" ಎಂಬ ರಿಪೋರ್ಟುಗಳು. ಸೊನ್ನೆ ಹಾಕಿದರೆ ಲಾಗ್ ಸಾಯುತ್ತದೆ (ಸೊನ್ನೆಗೆ ಲಾಗರಿದಮ್ ಇಲ್ಲ). ತೆಗೆದುಹಾಕಿದರೆ ಚೆನ್ನಾಗಿ ಇಳಿದವರೇ ಮಾಯವಾಗುತ್ತಾರೆ. ಪತ್ತೆ ಹಚ್ಚುವ ಒಂದೇ ಮಿತಿಯನ್ನು ಎಲ್ಲರಿಗೂ ಹಾಕುವುದೂ ಸರಿಯಲ್ಲ. ರಿಪೋರ್ಟಿನ ಕೆಳಗೆ ಎಬಿಎಲ್ (ಹೋಲಿಕೆಗೆ ಎಣಿಸುವ ಮಾಮೂಲಿ ಜೀನ್) ಕಾಪಿ ಸಂಖ್ಯೆ ಇರುತ್ತದಲ್ವಾ? 10,000 ಇದ್ದರೆ ಆ ಸ್ಯಾಂಪಲ್ 0.01% ತನಕ ನೋಡಬಲ್ಲದು, 32,000 ಇದ್ದರೆ 0.0032% ತನಕ. ಪ್ರತಿ ಸ್ಯಾಂಪಲ್‌ಗೂ ಅದರದೇ ಮಿತಿ ಹಾಕಿ, ಅದಕ್ಕಿಂತ ಕೆಳಗೆ ಎಲ್ಲೋ ಇದೆ ಅಂತ ಮಾಡೆಲ್‌ಗೆ ಹೇಳಿದೆ. ಕರ್ವ್ ನೆಟ್ಟಗಾಯಿತು. ರೋಗ ಪತ್ತೆಯಾದ ದಿನದ ರೀಡಿಂಗ್ ಇನ್ನೊಂದು ತಲೆನೋವು. ಎಬಿಎಲ್ ಪ್ರೈಮರ್ (ಆ ಜೀನ್ ಹಿಡಿಯುವ ಡಿಎನ್ಎ ತುಣುಕು) ಬಿಸಿಆರ್-ಎಬಿಎಲ್ ಅನ್ನೂ ಎಣಿಸುವುದರಿಂದ ಮೇಲ್ಮಟ್ಟದಲ್ಲಿ ಇವೆರಡರ ಅನುಪಾತ ಕುಗ್ಗಿ ಕಾಣುತ್ತದೆ. ಅದಕ್ಕೆ ಹಾಕಿದ ತಿದ್ದುಪಡಿ ಸದ್ಯ ನನ್ನ ಹತ್ತಿರವೇ ಇರಲಿ.

ಕೊನೆಯ ರೀಡಿಂಗ್‌ಗಳನ್ನು ಮುಚ್ಚಿಟ್ಟು ಪರೀಕ್ಷಿಸಿದಾಗ ಹತ್ತರಲ್ಲಿ ಎಂಟೊಂಬತ್ತು ಮಾಡೆಲ್ ಅಂದಾಜಿಸಿದ ವ್ಯಾಪ್ತಿಯೊಳಗೇ ಬಿದ್ದವು. ಡಾಕ್ಟರ್ ಬಾಯಿ ಮುಚ್ಚಿಸಿದ್ದು ಮಾತ್ರ ಬೇರೆಯೇ. ಒಬ್ಬರ ರೀಡಿಂಗ್ 0.1% ಹತ್ತಿರ ಇದ್ದದ್ದು ತಿಂಗಳಿಗೇ 0.8%ಗೆ ಏರಿತ್ತು. ಮಾತ್ರೆ ನಾಟದಂತೆ ಜೀನ್ ಬದಲಾಗಿದೆಯಾ ಅಂತ ನೋಡಲು ಡಾಕ್ಟರ್ ಮ್ಯುಟೇಶನ್ ಟೆಸ್ಟ್‌ಗೆ ಬರೆಯುವುದರಲ್ಲಿದ್ದರು. ಮೂರು ಸಲ ದುಪ್ಪಟ್ಟು, ಅಂದರೆ ಹತ್ತು ದಿನಕ್ಕೊಮ್ಮೆ. ಮ್ಯುಟೇಶನ್ ಸಾಮಾನ್ಯವಾಗಿ ಅಷ್ಟು ಓಡಲ್ಲ. ಬ್ಲಾಸ್ಟ್ ಕ್ರೈಸಿಸ್ (ರೋಗ ಉಲ್ಬಣಿಸುವ ಕೊನೆಯ ಹಂತ) ಓಡುತ್ತದೆ, ಆದರೆ ಸಿಬಿಸಿ (ರಕ್ತಕಣಗಳ ಎಣಿಕೆ) ಚೆನ್ನಾಗಿತ್ತು. "ಮಾತ್ರೆ ಬಿಟ್ಟಿದ್ದಾರೆ, ಮೊದಲು ಕೇಳಿ" ಅಂದೆ. ಬಿಟ್ಟಿದ್ದರು.

ಅದೇ ಹುಮ್ಮಸ್ಸಿನಲ್ಲಿ ಮಕ್ಕಳ ಎಎಲ್ಎಲ್ (ವೇಗವಾಗಿ ಬೆಳೆಯುವ ಇನ್ನೊಂದು ರಕ್ತದ ಕ್ಯಾನ್ಸರ್) ರೋಗದ ದೀರ್ಘಕಾಲದ ಚಿಕಿತ್ಸೆಯಾದ ಮೇಂಟೆನೆನ್ಸ್‌ಗೂ ಕೈ ಹಾಕಿದೆ: ಔಷಧಿಯಿಂದ ರಕ್ತಕಣ ಎಷ್ಟು ಇಳಿಯುತ್ತದೆ ಅಂತ ಹೇಳುವ ಫ್ರಿಬರ್ಗ್ ಮಾಡೆಲ್, ಸಿಕ್ಸ್-ಎಂಪಿ ಮಾತ್ರೆ, ನ್ಯೂಟ್ರೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಕೌಂಟ್. 50 ಮಿಲಿಗ್ರಾಂ ಮಾತ್ರೆಯನ್ನು ಮನೆಯಲ್ಲಿ ಅರ್ಧ, ಕಾಲು ಮುರಿದು ಕೊಡುತ್ತಾರೆ. ಚೀಟಿಯ ಡೋಸ್ ಬೇರೆ, ಮಗುವಿನ ಹೊಟ್ಟೆಗೆ ಹೋದದ್ದು ಬೇರೆ. ಸದ್ಯಕ್ಕೆ ಅಲ್ಲೇ ನಿಂತಿದೆ.